ಬಿಟ್ಟುಹೋಗಲಾಗದ ಸೇವೆ: ಹಲವು ದೇಶಗಳ ಸರ್ಕಾರಿ ಪಿಂಚಣಿ, ಒಂದು ವಿಮರ್ಶೆ

ಸರ್ಕಾರಿ ಪಿಂಚಣಿಯನ್ನು ಒಂದು ಸೇವೆಯೆಂದು ತಿಳಿದು ವಿಮರ್ಶೆಗೆ ಕೂತರೆ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಗುತ್ತದೆ. ಇದಕ್ಕೆ ಹಣ ಕಟ್ಟಲು ಆರಂಭಿಸುವುದು ಇಪ್ಪತ್ತರ ಹರೆಯದಲ್ಲಿ, ಸೇವೆ ಕೈಗೆ ಸಿಗುವುದು ಅರವತ್ತರ ಆಸುಪಾಸಿನಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಷರತ್ತುಗಳನ್ನು ತಿದ್ದುವ ಅಧಿಕಾರ ಪೂರ್ತಿಯಾಗಿ ಸೇವೆ ಕೊಡುವವರದ್ದೇ ಆಗಿರುತ್ತದೆ. ಒಪ್ಪಿಗೆಯಾಗದಿದ್ದರೆ ಕಟ್ಟಿದ ಹಣವನ್ನು ಹಿಂಪಡೆದು ಬೇರೊಬ್ಬರ ಬಳಿಗೆ ಹೋಗುವ ದಾರಿ ಗ್ರಾಹಕರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಸೇವೆ ಕೆಟ್ಟಿದೆಯೆಂದು ಗೊತ್ತಾಗುವ ಹೊತ್ತಿಗೆ ಮತ್ತೆ ದುಡಿದು ನಷ್ಟ ತುಂಬಿಕೊಳ್ಳುವ ವಯಸ್ಸೂ ಮೀರಿರುತ್ತದೆ. ಆದ್ದರಿಂದ ಯಾವ ದೇಶ ತಿಂಗಳಿಗೆ ಎಷ್ಟು ಕೊಡುತ್ತದೆ ಎಂಬ ಹೋಲಿಕೆಯಿಂದ ಹೆಚ್ಚೇನೂ ತಿಳಿಯದು; ಶ್ರೀಮಂತ ದೇಶ ಹೆಚ್ಚು ಕೊಡುತ್ತದೆ, ಬಡ ದೇಶ ಕಡಿಮೆ ಕೊಡುತ್ತದೆ ಎಂಬುದು ವಿಮರ್ಶೆಯಿಲ್ಲದೆಯೂ ಗೊತ್ತಿರುವ ಸಂಗತಿ. ನಾನು ನೋಡಹೊರಟಿರುವುದು ಬೇರೆ: ಕೊಟ್ಟ ಮಾತನ್ನು ಬದಲಿಸಬೇಕಾಗಿ ಬಂದಾಗ ಸರ್ಕಾರ ಎಷ್ಟು ಮುಂಚಿತವಾಗಿ ತಿಳಿಸಿತು, ನಷ್ಟವನ್ನು ಯಾರ ತಲೆಗೆ ಕಟ್ಟಿತು, ದೂರು ಹೇಳಿಕೊಳ್ಳಲು ಬೀದಿಯಲ್ಲದೆ ಬೇರೆ ಜಾಗ ಇತ್ತೇ. ಪಿಂಚಣಿಗಾಗಿ ನಡೆದ ದೊಡ್ಡ ಚಳವಳಿಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಮೊತ್ತ ಸಾಲದೆಂಬ ಸಿಟ್ಟಿಗಿಂತ ಹೆಚ್ಚಾಗಿ ಈ ಮೂರರಲ್ಲಿ ಯಾವುದೋ ಒಂದು ತಪ್ಪಿದ್ದೇ ಜನರನ್ನು ಬೀದಿಗೆ ಎಳೆದಿದೆ ಎಂದು ತೋರುತ್ತದೆ.

ಈ ಸೇವೆಯ ಹುಟ್ಟನ್ನು ಚುಟುಕಾಗಿ ಹೇಳಬಹುದು. ಜರ್ಮನಿಯಲ್ಲಿ ಬಿಸ್ಮಾರ್ಕ್ ಆಡಳಿತ 1889ರಲ್ಲಿ ಕಾರ್ಮಿಕ, ಮಾಲೀಕ, ಸರ್ಕಾರ ಈ ಮೂವರೂ ಹಣ ಹಾಕುವ ವೃದ್ಧಾಪ್ಯ ವಿಮೆಯನ್ನು ಕಾನೂನಾಗಿಸಿತು; ವಯಸ್ಸಿನ ಮಿತಿ 70 ಆಗಿತ್ತು. ಬ್ರಿಟನ್ನಿನಲ್ಲಿ 1909ರ ಜನವರಿ 1ರಿಂದ 70 ದಾಟಿದ ಬಡವರಿಗೆ ಅಂಚೆ ಕಚೇರಿಯ ಮೂಲಕ ವಾರಕ್ಕೆ 5 ಶಿಲಿಂಗ್ ಸಿಗತೊಡಗಿತು. ಅಮೆರಿಕದ ಕಥೆ ಸ್ವಲ್ಪ ಬೇರೆ. ಅಲ್ಲಿ ಸೇವೆ ಬರುವ ಮೊದಲೇ ಅದಕ್ಕಾಗಿ ಚಳವಳಿ ಹುಟ್ಟಿತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ಫ್ರಾನ್ಸಿಸ್ ಟೌನ್‌ಸೆಂಡ್ ಅವರು, ಕೆಲಸದಿಂದ ನಿವೃತ್ತರಾದ 60 ದಾಟಿದ ಪ್ರತಿಯೊಬ್ಬರಿಗೂ ತಿಂಗಳಿಗೆ 200 ಡಾಲರ್ ಕೊಡಬೇಕು, ಅವರು ಅದನ್ನು ಆ ತಿಂಗಳೊಳಗೇ ಖರ್ಚು ಮಾಡಬೇಕು ಎಂಬ ಯೋಜನೆಯನ್ನು ಮುಂದಿಟ್ಟರು. ಲೆಕ್ಕಾಚಾರದ ದೃಷ್ಟಿಯಿಂದ ಆ ಯೋಜನೆ ನಿಲ್ಲುವಂತಿರಲಿಲ್ಲ. ಆದರೂ ದೇಶದ ತುಂಬ ಎದ್ದುನಿಂತ ಟೌನ್‌ಸೆಂಡ್ ಸಂಘಗಳ ಒತ್ತಡವನ್ನು ರೂಸ್ವೆಲ್ಟ್ ಸರ್ಕಾರ ಕಡೆಗಣಿಸುವಂತೆಯೂ ಇರಲಿಲ್ಲ. 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಬಿತ್ತು.

ಅದೇ ಅಮೆರಿಕದ ವ್ಯವಸ್ಥೆಗೆ, ಮುನ್ಸೂಚನೆಯ ವಿಷಯದಲ್ಲಿ, ನಾನು ಎಲ್ಲರಿಗಿಂತ ಹೆಚ್ಚು ಅಂಕ ಕೊಡುತ್ತೇನೆ. 1983ರ ಹೊತ್ತಿಗೆ ಪಿಂಚಣಿ ನಿಧಿ ಬರಿದಾಗಲು ಕೆಲವೇ ತಿಂಗಳು ಉಳಿದಿದ್ದವು. ಅಂಥ ಆತುರದಲ್ಲಿಯೂ ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಏರಿಸುವ ನಿರ್ಧಾರವನ್ನು ಒಮ್ಮೆಲೇ ಜಾರಿಗೊಳಿಸಲಿಲ್ಲ. ಏರಿಕೆ ಮೊದಲು ತಟ್ಟಿದ್ದು 1938ರಲ್ಲಿ ಹುಟ್ಟಿದವರಿಗೆ, ಅಂದರೆ ಕಾನೂನಾದಾಗ 45 ವರ್ಷದವರಾಗಿದ್ದವರಿಗೆ. ಪೂರ್ತಿ 67 ಅನ್ವಯಿಸುವುದು 1960ರಲ್ಲಿ ಮತ್ತು ನಂತರ ಹುಟ್ಟಿದವರಿಗೆ. ಇದನ್ನು ಎಲ್ಲರೂ ಮೆಚ್ಚಿದರೆಂದಲ್ಲ. ಆದರೆ ಯಾರೂ ಅರವತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸುದ್ದಿ ತಿಳಿದು ಬೆಚ್ಚಿಬೀಳುವ ಪ್ರಸಂಗ ಬರಲಿಲ್ಲ.

ಬ್ರಿಟನ್ನಿನಲ್ಲಿ ಆದದ್ದು ಸರಿಯಾಗಿ ಅದೇ. 1995ರ ಕಾನೂನು ಮಹಿಳೆಯರ ಪಿಂಚಣಿ ವಯಸ್ಸನ್ನು 2010ರಿಂದ 2020ರ ಅವಧಿಯಲ್ಲಿ ಹಂತಹಂತವಾಗಿ 60ರಿಂದ 65ಕ್ಕೆ ಏರಿಸಿ ಪುರುಷರಿಗೆ ಸಮನಾಗಿಸಿತು. ಕಾಗದದ ಮೇಲೆ ಇದು ಹದಿನೈದು ವರ್ಷಗಳ ಮುನ್ಸೂಚನೆ. ಸಮಾನತೆಯ ತತ್ವವನ್ನೂ ಹೆಚ್ಚಿನವರು ಪ್ರಶ್ನಿಸಲಿಲ್ಲ. ಆದರೆ ಸಂಬಂಧಪಟ್ಟ ಮಹಿಳೆಯರಿಗೆ ಹೆಸರು ಹೆಸರಿಗೆ ಪತ್ರ ಬರತೊಡಗಿದ್ದು 2009ರಿಂದ. ಅಷ್ಟರಲ್ಲಿ 2011ರ ಕಾನೂನು ವೇಗವನ್ನು ಇನ್ನೂ ಹೆಚ್ಚಿಸಿತು: 2018ರ ನವೆಂಬರಿಗೆ 65, 2020ರ ಅಕ್ಟೋಬರಿಗೆ 66. 1950ರ ದಶಕದಲ್ಲಿ ಹುಟ್ಟಿದ, ಅರವತ್ತಕ್ಕೆ ಪಿಂಚಣಿ ಬರುತ್ತದೆಂದು ನಂಬಿ ಕೆಲಸ ಬಿಟ್ಟಿದ್ದ ಅಥವಾ ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ನಿಂತಿದ್ದ ಎಷ್ಟೋ ಮಹಿಳೆಯರಿಗೆ ಎರಡು ಏರಿಕೆಗಳೂ ಒಟ್ಟಿಗೆ ಬಡಿದವು. 2015ರಲ್ಲಿ ಹುಟ್ಟಿದ ವಾಸ್ಪಿ ಎಂಬ ಚಳವಳಿ ಕೇಳಿದ್ದು ಹಳೆಯ ವಯಸ್ಸನ್ನು ಮರಳಿಸಿ ಎಂದಲ್ಲ, ತಿಳಿಸದೆ ಮಾಡಿದ್ದರ ನಷ್ಟವನ್ನು ತುಂಬಿಕೊಡಿ ಎಂದು. ಆಡಳಿತದ ವಿರುದ್ಧದ ದೂರು ಕೇಳುವ ಅಧಿಕಾರಿಯಾದ ಸಂಸತ್ತಿನ ಒಂಬುಡ್ಸ್‌ಮನ್ ತನಿಖೆ ನಡೆಸಿ, ಪತ್ರಗಳು ಕನಿಷ್ಠ 28 ತಿಂಗಳು ಮೊದಲೇ ಹೋಗಬೇಕಿತ್ತು, ಇದು ಆಡಳಿತದ ಲೋಪ ಎಂದು ಹೇಳಿದರು. 2024ರ ಮಾರ್ಚಿನ ವರದಿಯಲ್ಲಿ ತಲಾ 1,000ದಿಂದ 2,950 ಪೌಂಡ್‌ವರೆಗಿನ ಪರಿಹಾರ ಸೂಕ್ತವೆಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರ ವಿಳಂಬಕ್ಕೆ ಕ್ಷಮೆ ಕೇಳಿತು, ಪರಿಹಾರ ಕೊಡಲು ಒಪ್ಪಲಿಲ್ಲ. ಬಹುತೇಕ ಮಹಿಳೆಯರಿಗೆ ವಿಷಯ ಗೊತ್ತೇ ಇತ್ತು, ಎಲ್ಲರಿಗೂ ಕೊಟ್ಟರೆ 1,050 ಕೋಟಿ ಪೌಂಡ್‌ವರೆಗೆ ಬೇಕಾಗುತ್ತದೆ ಎಂಬುದು ಅದರ ವಾದ. ದೂರು ಕೇಳುವ ಸಂಸ್ಥೆ ಇದೆ, ಅದು ನಿಷ್ಪಕ್ಷಪಾತವಾಗಿ ತೀರ್ಪನ್ನೂ ಕೊಡುತ್ತದೆ, ಆದರೆ ಆ ತೀರ್ಪು ಸೇವೆ ಕೊಡುವವರನ್ನು ಕಟ್ಟಿಹಾಕುವುದಿಲ್ಲ. ದೂರು ವ್ಯವಸ್ಥೆಗೆ ಇದಕ್ಕಿಂತ ಸಭ್ಯವಾದ ವೈಫಲ್ಯ ಬೇರೆ ಕಡೆ ಸಿಗಲಾರದು.

ತಿಳಿಸುವ ಕೆಲಸವನ್ನು ಚೆನ್ನಾಗಿ ಮಾಡಬಹುದೆಂಬುದಕ್ಕೆ ಸ್ವೀಡನ್ ಇದೆ. 1990ರ ದಶಕದಲ್ಲಿ ಅಲ್ಲಿನ ಪ್ರಮುಖ ಪಕ್ಷಗಳು ಕೂಡಿ ಪಿಂಚಣಿಯನ್ನು ಹೊಸದಾಗಿ ಕಟ್ಟಿದವು. ಅಂದಿನಿಂದ ಪ್ರತಿ ವರ್ಷ ಪ್ರತಿಯೊಬ್ಬರ ಮನೆಗೂ ಕಿತ್ತಳೆ ಬಣ್ಣದ ಲಕೋಟೆಯೊಂದು ಬರುತ್ತದೆ. ಇದುವರೆಗೆ ನಿಮ್ಮ ಹೆಸರಿನಲ್ಲಿ ಎಷ್ಟು ಜಮೆಯಾಗಿದೆ, ಮುಂದೆ ಎಷ್ಟು ಸಿಗಬಹುದು ಎಂಬ ಲೆಕ್ಕ ಅದರಲ್ಲಿರುತ್ತದೆ. ವ್ಯವಸ್ಥೆ ಮುಂದೆ ಕೊಡಬೇಕಾದ ಮೊತ್ತ ಅದರ ಆಸ್ತಿಯನ್ನು ಮೀರಿದರೆ ಪಿಂಚಣಿಯ ಏರಿಕೆಯನ್ನು ತಾನಾಗಿಯೇ ತಗ್ಗಿಸುವ ನಿಯಮವೂ ಕಾನೂನಿನಲ್ಲೇ ಇದೆ. 2010ರಲ್ಲಿ ಆ ನಿಯಮ ಮೊದಲ ಬಾರಿಗೆ ಜಾರಿಯಾಗಿ ಪಿಂಚಣಿ ಇಳಿಯಿತು. ಅದೇ ಹೊತ್ತಿಗೆ ಸರ್ಕಾರ ಪಿಂಚಣಿದಾರರ ತೆರಿಗೆಯನ್ನೂ ಕಡಿಮೆ ಮಾಡಿ ಪೆಟ್ಟನ್ನು ಹಗುರಗೊಳಿಸಿತು. ಯಂತ್ರದಂತೆ ನಡೆಯಬೇಕಾದ ನಿಯಮಕ್ಕೂ ರಾಜಕಾರಣದ ಆಸರೆ ಬೇಕಾಯಿತೆಂದು ಟೀಕಿಸಬಹುದು. ಆದರೂ ಕಡಿತದ ಸಾಧ್ಯತೆಯನ್ನು ಹೆಚ್ಚುಕಡಿಮೆ ಹತ್ತು ವರ್ಷ ಮೊದಲೇ ಬರೆದಿಟ್ಟದ್ದರಿಂದ, ಇಳಿದಾಗ ಅದು ಮೋಸವೆಂದು ಹೇಳುವ ಅವಕಾಶ ಉಳಿಯಲಿಲ್ಲ.

ಜಪಾನಿನ ವೈಫಲ್ಯ ನೀತಿಯದ್ದಲ್ಲ, ಗುಮಾಸ್ತಿಕೆಯದ್ದು. ಯಾರಿಗೆ ಸೇರಿದ್ದೆಂದು ಗುರುತಿಸಲಾಗದ ಸುಮಾರು 5 ಕೋಟಿ ವಂತಿಗೆ ದಾಖಲೆಗಳಿವೆ ಎಂಬುದು 2007ರಲ್ಲಿ ಬಯಲಾಯಿತು. ಆ ಜುಲೈನಲ್ಲಿ ಆಡಳಿತ ಪಕ್ಷ ಮೇಲ್ಮನೆ ಚುನಾವಣೆಯಲ್ಲಿ ಸೋತದ್ದಕ್ಕೆ ಇದು ದೊಡ್ಡ ಕಾರಣ. ಹೊಣೆ ಹೊತ್ತಿದ್ದ ಸಾಮಾಜಿಕ ವಿಮಾ ಸಂಸ್ಥೆಯನ್ನೇ ಮುಚ್ಚಿ 2010ರ ಜನವರಿಯಲ್ಲಿ ಹೊಸ ಸಂಸ್ಥೆ ಸ್ಥಾಪಿಸಬೇಕಾಯಿತು. ಜನರು ತಮ್ಮ ತೀರ್ಪನ್ನು ಮತಪೆಟ್ಟಿಗೆಯಲ್ಲಿ ಹಾಕಿದರು, ಸರ್ಕಾರ ಅದನ್ನು ಓದಿಕೊಂಡಿತು. ಈ ಪಟ್ಟಿಯಲ್ಲಿ ಅಪರೂಪವೆನ್ನಿಸುವಷ್ಟು ನೇರವಾದ ಪ್ರಸಂಗ.

ಈಗ ಹೊಣೆಗಾರಿಕೆಯ ಕಠಿಣ ಪ್ರಶ್ನೆಗೆ ಬರಬೇಕು: ಸರ್ಕಾರದ ಬೊಕ್ಕಸವೇ ಬರಿದಾಗಿ, ಸಾಲ ಕೊಡುವವರು ಷರತ್ತು ಹಾಕಿದಾಗ ಪಿಂಚಣಿದಾರರಿಗೆ ಕೊಟ್ಟ ಮಾತಿಗೆ ಯಾರು ಹೊಣೆ? ಗ್ರೀಸ್ 2010ರ ಮೇ ತಿಂಗಳಿನಲ್ಲಿ ಯೂರೋ ವಲಯದ ದೇಶಗಳಿಂದ ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ ಮೊದಲ ಸಾಲ ಪಡೆಯಿತು. ಅಲ್ಲಿಂದ ಮುಂದೆ ಪಿಂಚಣಿಗೆ ಒಂದರ ಮೇಲೊಂದು ಕತ್ತರಿ ಬಿತ್ತು. ವರ್ಷಕ್ಕೆ ಹದಿಮೂರನೆಯ ಮತ್ತು ಹದಿನಾಲ್ಕನೆಯ ಕಂತುಗಳಾಗಿ ಬರುತ್ತಿದ್ದ ಹಬ್ಬ ಹಾಗೂ ರಜೆಯ ಭತ್ಯೆಗಳು ರದ್ದಾದವು. ನಿರುದ್ಯೋಗ ಶೇ 27ನ್ನು ದಾಟಿದ್ದ ದೇಶದಲ್ಲಿ ಅಜ್ಜ ಅಜ್ಜಿಯ ಪಿಂಚಣಿಯೇ ಮಕ್ಕಳು ಮೊಮ್ಮಕ್ಕಳ ಹೊಟ್ಟೆ ಹೊರೆಯುತ್ತಿದ್ದುದರಿಂದ ಒಬ್ಬರ ಪಿಂಚಣಿ ಕಡಿತವೆಂದರೆ ಒಂದು ಇಡೀ ಕುಟುಂಬದ ಆದಾಯ ಕಡಿತ. 2012ರ ಏಪ್ರಿಲ್ 4ರಂದು ಸಂಸತ್ ಭವನದ ಎದುರಿನ ಸಿಂಟಾಗ್ಮಾ ಚೌಕದಲ್ಲಿ 77 ವರ್ಷದ ನಿವೃತ್ತ ಔಷಧ ವ್ಯಾಪಾರಿಯೊಬ್ಬರು ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಚೌಕ ಅಂದು ಸಂಜೆಯೇ ಪ್ರತಿಭಟನಾಕಾರರಿಂದ ತುಂಬಿತು. 2015ರ ಜೂನ್ ಕೊನೆಗೆ ಬ್ಯಾಂಕುಗಳು ಮುಚ್ಚಿದಾಗ ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನು ವಿಶೇಷವಾಗಿ ತೆರೆದು, ತಲಾ 120 ಯೂರೋ ಕೊಟ್ಟು ಕಳಿಸಲಾಯಿತು. 2016ರ ಅಕ್ಟೋಬರಿನಲ್ಲಿ ಪ್ರಧಾನಿ ಕಚೇರಿಯ ಕಡೆಗೆ ಹೊರಟ ವೃದ್ಧರ ಮೆರವಣಿಗೆಯ ಮೇಲೆ ಪೊಲೀಸರು ಅಶ್ರುವಾಯು ಪ್ರಯೋಗಿಸಿದರು. ಆಗ ಅಧಿಕಾರದಲ್ಲಿದ್ದದ್ದು ಇದೇ ಕಡಿತಗಳನ್ನು ವಿರೋಧಿಸಿ ಗೆದ್ದುಬಂದ ಎಡಪಂಥೀಯ ಸರ್ಕಾರ ಎಂಬುದನ್ನು ಇಲ್ಲಿ ಹೇಳದೆ ಬಿಡಬಾರದು. 2012ರ ಕಡಿತಗಳು ಸಂವಿಧಾನಬಾಹಿರವೆಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2015ರ ಜೂನ್‌ನಲ್ಲಿ ತೀರ್ಪು ಕೊಟ್ಟಿತ್ತಾದರೂ ಅದರಿಂದ ಕಡಿತಗಳ ಸರಣಿ ನಿಲ್ಲಲಿಲ್ಲ.

ಇದೇ ಪ್ರಶ್ನೆಗೆ ಲಾಟ್ವಿಯಾ ಕೊಟ್ಟ ಉತ್ತರ ಹೆಚ್ಚು ಜನರಿಗೆ ಗೊತ್ತಿಲ್ಲ. ಈ ವಿಮರ್ಶೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಅದೇ. ಅಂತಾರಾಷ್ಟ್ರೀಯ ಸಾಲದ ಒತ್ತಡದಲ್ಲಿದ್ದ ಆ ಪುಟ್ಟ ದೇಶ 2009ರ ಜುಲೈನಿಂದ ಎಲ್ಲ ಪಿಂಚಣಿಗಳಲ್ಲಿ ಶೇ 10, ದುಡಿಯುತ್ತಲೂ ಇರುವ ಪಿಂಚಣಿದಾರರಿಗೆ ಶೇ 70 ಕಡಿತ ಮಾಡಿತು. ಸಾವಿರಾರು ಜನ ಸಂವಿಧಾನ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಡಿಸೆಂಬರ್ 21ರಂದು ಬಂದ ತೀರ್ಪು ಕಡಿತವನ್ನು ಅಸಿಂಧುಗೊಳಿಸಿತು. ಕಷ್ಟಕಾಲದಲ್ಲಿ ಕಡಿತವನ್ನೇ ಮಾಡಬಾರದೆಂದು ನ್ಯಾಯಾಲಯ ಹೇಳಲಿಲ್ಲ. ಬೇರೆ ದಾರಿಗಳನ್ನು ಸರಿಯಾಗಿ ಪರಿಶೀಲಿಸಿಲ್ಲ, ಜನ ಹೊಂದಿಕೊಳ್ಳಲು ಸಮಯ ಕೊಟ್ಟಿಲ್ಲ, ಕಳೆದದ್ದನ್ನು ಮುಂದೆ ಮರಳಿಸುವ ಯೋಜನೆಯಿಲ್ಲ ಎಂದಿತು. ಸಾಲ ಕೊಟ್ಟವರು ಹಾಕಿದ ಷರತ್ತು ಪ್ರಜೆಗಳಿಗೆ ಸಂವಿಧಾನ ಕೊಟ್ಟ ಹಕ್ಕಿನ ಜಾಗದಲ್ಲಿ ಕೂರಲಾರದು ಎಂದೂ ಹೇಳಿತು. ಕಳೆದುಕೊಂಡ ಹಣ ಪಿಂಚಣಿದಾರರಿಗೆ ಮರಳಿತು. ಪೋರ್ಚುಗಲ್‌ನ ಸಂವಿಧಾನ ನ್ಯಾಯಾಲಯವೂ 2012ರ ಜುಲೈನಲ್ಲಿ ಸರ್ಕಾರಿ ನೌಕರರ ಮತ್ತು ಪಿಂಚಣಿದಾರರ ಹೆಚ್ಚುವರಿ ಕಂತುಗಳ ಕಡಿತವನ್ನು ಸಮಾನತೆಯ ಆಧಾರದ ಮೇಲೆ ತಳ್ಳಿಹಾಕಿತು, ಆದರೆ ಆ ವರ್ಷದ ಮಟ್ಟಿಗೆ ತೀರ್ಪನ್ನು ಅನ್ವಯಿಸಲಿಲ್ಲ. ಲಾಟ್ವಿಯಾದ ತೀರ್ಪಿಗಿರುವ ಬಿಗಿ ಅದಕ್ಕಿಲ್ಲ.

ಹೊಣೆಯನ್ನು ಪೂರ್ತಿಯಾಗಿ ಕಳಚಿಕೊಂಡರೆ ಹೇಗಿರುತ್ತದೆ ಎಂಬ ಪ್ರಯೋಗವನ್ನು ಚಿಲಿ ಮಾಡಿತು. ಪಿನೊಚೆಟ್ ಸರ್ವಾಧಿಕಾರದ ಕಾಲದಲ್ಲಿ, ಕಾರ್ಮಿಕ ಸಚಿವ ಹೋಸೆ ಪಿನ್ಯೆರಾ ರೂಪಿಸಿದ ವ್ಯವಸ್ಥೆ 1981ರಲ್ಲಿ ಜಾರಿಗೆ ಬಂತು. ಕಾರ್ಮಿಕರು ಸಂಬಳದ ಶೇ 10ನ್ನು ಎಎಫ್‌ಪಿ ಎಂದು ಕರೆಯಲಾಗುವ ಖಾಸಗಿ ನಿಧಿ ಕಂಪನಿಗಳಲ್ಲಿ ತಮ್ಮ ಹೆಸರಿನ ಖಾತೆಗೆ ಕಟ್ಟಬೇಕು, ಕಂಪನಿಯ ಶುಲ್ಕವನ್ನೂ ಅವರೇ ಭರಿಸಬೇಕು, ಮಾಲೀಕರ ಪಾಲಿಲ್ಲ. ಸೇನೆ ಮತ್ತು ಪೊಲೀಸರನ್ನು ಮಾತ್ರ ಇದರಿಂದ ಹೊರಗಿಟ್ಟು ಅವರ ಹಳೆಯ ಪಿಂಚಣಿಯನ್ನೇ ಮುಂದುವರಿಸಲಾಯಿತು. ಊರಿಗೆಲ್ಲ ಒಳ್ಳೆಯದೆಂದು ಶಿಫಾರಸು ಮಾಡಿದ ಔಷಧವನ್ನು ವೈದ್ಯ ತನ್ನ ಮನೆಯವರಿಗೆ ಮಾತ್ರ ಕೊಡದಿದ್ದರೆ ಎಷ್ಟು ಅನುಮಾನ ಬರಬೇಕೋ ಅಷ್ಟು ಅನುಮಾನ ಇದರ ಬಗ್ಗೆಯೂ ಬರಬೇಕಿತ್ತು. ಬದಲಿಗೆ ವಿಶ್ವ ಬ್ಯಾಂಕಿನ ಪ್ರೋತ್ಸಾಹದೊಂದಿಗೆ ಈ ಮಾದರಿ ಹಲವು ದೇಶಗಳಿಗೆ ಹಬ್ಬಿತು.

ಮೊದಲ ತಲೆಮಾರು ನಿವೃತ್ತಿಯ ಅಂಚಿಗೆ ಬಂದಾಗ ಸತ್ಯ ಹೊರಬಿತ್ತು. ಖಾಯಂ ಕೆಲಸವಿಲ್ಲದೆ ಆಗೊಮ್ಮೆ ಈಗೊಮ್ಮೆ ವಂತಿಗೆ ಕಟ್ಟಿದವರ, ಮಕ್ಕಳ ಪಾಲನೆಗೆ ಕೆಲಸ ಬಿಟ್ಟ ಮಹಿಳೆಯರ ಖಾತೆಗಳಲ್ಲಿ ಬದುಕು ಸಾಗಿಸುವಷ್ಟು ಹಣ ಇರಲಿಲ್ಲ. 2008ರಲ್ಲಿ ಅಧ್ಯಕ್ಷೆ ಬಾಚೆಲೆಟ್ ಅವರ ಸರ್ಕಾರ ತೆರಿಗೆಯ ಹಣದಿಂದ ಬಡವರಿಗೆ ಆಧಾರ ಪಿಂಚಣಿ ಕೊಡಲಾರಂಭಿಸಿತು. ಅಂದರೆ ಬಾಗಿಲಿನಿಂದ ಹೊರಹಾಕಿದ್ದ ಹೊಣೆ ಕಿಟಕಿಯಿಂದ ಮರಳಿ ಬಂತು. 2016ರಲ್ಲಿ ‘ಇನ್ನು ಎಎಫ್‌ಪಿ ಬೇಡ’ ಎಂಬ ಘೋಷಣೆಯ ಮೆರವಣಿಗೆಗಳಿಗೆ ಲಕ್ಷಾಂತರ ಜನ ಸೇರಿದರು, 2019ರ ಅಕ್ಟೋಬರಿನ ಜನಾಕ್ರೋಶದ ಸ್ಫೋಟದಲ್ಲೂ ಪಿಂಚಣಿಯ ಬೇಡಿಕೆ ಮುಂಚೂಣಿಯಲ್ಲಿತ್ತು. ಕೋವಿಡ್ ಕಾಲದಲ್ಲಿ ಆದದ್ದು ಇನ್ನೂ ವಿಚಿತ್ರ: ಸರ್ಕಾರದ ನೆರವು ಸಾಲದಾದಾಗ ಸಂಸತ್ತು ಮೂರು ಬಾರಿ, ಪ್ರತಿ ಸಲ ಶೇ 10ರಷ್ಟನ್ನು, ಸ್ವಂತ ಪಿಂಚಣಿ ಖಾತೆಯಿಂದ ತೆಗೆದುಕೊಳ್ಳಲು ಅನುಮತಿ ಕೊಟ್ಟಿತು. ಸುಮಾರು 5,000 ಕೋಟಿ ಡಾಲರ್ ಹೊರಬಂತು, ಎಷ್ಟೋ ಬಡವರ ಖಾತೆಗಳು ಖಾಲಿಯಾದವು. ಜನ ಸಂತೋಷಪಟ್ಟರೆಂಬುದೂ ನಿಜ. ತಮ್ಮ ವೃದ್ಧಾಪ್ಯದ ಹಣವನ್ನು ಇಷ್ಟು ಉತ್ಸಾಹದಿಂದ ಹೊರತೆಗೆದದ್ದು, ಈ ಸೇವೆಯ ಬಗ್ಗೆ ಗ್ರಾಹಕರು ಬರೆದ ಅತ್ಯಂತ ಕಟುವಾದ ವಿಮರ್ಶೆ. 2025ರಲ್ಲಿ ಕೊನೆಗೂ ಒಪ್ಪಿಗೆ ಪಡೆದ ಸುಧಾರಣೆ ಮಾಲೀಕರ ವಂತಿಗೆಯನ್ನು ಹಂತಹಂತವಾಗಿ ಶೇ 8.5ಕ್ಕೆ ಏರಿಸಲಿದೆ, ಎಎಫ್‌ಪಿ ಕಂಪನಿಗಳು ಮಾತ್ರ ಉಳಿದುಕೊಂಡಿವೆ.

ಅರ್ಜೆಂಟೀನಾ ಎರಡೂ ದಾರಿಗಳಲ್ಲಿ ನಡೆದು ನೋಡಿತು. 1994ರಲ್ಲಿ ಚಿಲಿಯನ್ನು ಅನುಸರಿಸಿ ಖಾಸಗಿ ನಿಧಿಗಳನ್ನು ತಂದಿತು, 2008ರಲ್ಲಿ ಅವನ್ನು ರಾಷ್ಟ್ರೀಕರಿಸಿತು. ನಡುವೆ 2001ರ ಜುಲೈನಲ್ಲಿ, ಬಜೆಟ್ಟಿನಲ್ಲಿ ಶೂನ್ಯ ಕೊರತೆಯ ಹೆಸರಿನಲ್ಲಿ, 500 ಪೆಸೊ ಮೀರಿದ ಪಿಂಚಣಿ ಮತ್ತು ಸರ್ಕಾರಿ ಸಂಬಳಗಳಿಗೆ ಶೇ 13 ಕತ್ತರಿ ಹಾಕಿತ್ತು. ಈ ಎಲ್ಲ ಕಾಲದಲ್ಲೂ ಬ್ಯೂನಸ್ ಐರಿಸ್‌ನ ಸಂಸತ್ ಭವನದ ಎದುರು ಬುಧವಾರಗಳಂದು ನಿವೃತ್ತರು ಸೇರುವ ರೂಢಿಯಿದೆ. 1990ರ ದಶಕದ ಆರಂಭದಲ್ಲಿ ಅದಕ್ಕೆ ಮುಖವಾಗಿದ್ದವರು ನಾರ್ಮಾ ಪ್ಲಾ ಎಂಬ ಪಿಂಚಣಿದಾರ್ತಿ. 2024ರಲ್ಲಿ ಪಿಂಚಣಿ ಹೆಚ್ಚಿಸುವ ಕಾನೂನನ್ನು ಸಂಸತ್ತು ಅಂಗೀಕರಿಸಿತು, ಅಧ್ಯಕ್ಷ ಮಿಲೇ ಅದನ್ನು ತಡೆಹಿಡಿದರು, ತಡೆಯನ್ನು ಮೀರುವಷ್ಟು ಮತ ಸಂಸತ್ತಿನಲ್ಲಿ ಸಿಗಲಿಲ್ಲ. ಬುಧವಾರದ ಸಭೆಗಳ ಮೇಲೆ ಲಾಠಿ, ಅಶ್ರುವಾಯು ಪದೇ ಪದೇ ಬಳಕೆಯಾದವು. 2025ರ ಮಾರ್ಚ್ 12ರಂದು ಫುಟ್‌ಬಾಲ್ ತಂಡಗಳ ಅಭಿಮಾನಿಗಳು ಹಿರಿಯರ ಬೆಂಬಲಕ್ಕೆ ಬಂದು ನಿಂತರು. ಅಂದಿನ ಘರ್ಷಣೆಯಲ್ಲಿ ಛಾಯಾಗ್ರಾಹಕರೊಬ್ಬರ ತಲೆಗೆ ಅಶ್ರುವಾಯು ಶೆಲ್ ಬಡಿದು ತೀವ್ರ ಗಾಯವಾಯಿತು.

ಫುಟ್‌ಬಾಲ್ ಅಭಿಮಾನಿಗಳು ಯಾಕೆ ಬೇಕಾದರು ಎಂಬುದನ್ನು ಸ್ವಲ್ಪ ಯೋಚಿಸಬೇಕು. ದುಡಿಯುವವರು ಮುಷ್ಕರ ಹೂಡಿದರೆ ರೈಲು ನಿಲ್ಲುತ್ತದೆ, ಕಾರ್ಖಾನೆ ಮುಚ್ಚುತ್ತದೆ. ನಿವೃತ್ತರ ಬಳಿ ತಡೆಹಿಡಿಯಲು ಏನೂ ಇಲ್ಲ. ಅವರು ಮಾಡಬಲ್ಲದ್ದು ಬಂದು ನಿಲ್ಲುವುದು, ಮತ ಹಾಕುವುದು, ನ್ಯಾಯಾಲಯಕ್ಕೆ ಹೋಗುವುದು. ಫ್ರಾನ್ಸಿನ ಪಿಂಚಣಿ ಹೋರಾಟಗಳು ಅಷ್ಟೊಂದು ಪ್ರಬಲವಾಗಿದ್ದದ್ದು ಅವನ್ನು ನಡೆಸಿದವರು ಇನ್ನೂ ಕೆಲಸದಲ್ಲಿದ್ದವರು ಎಂಬ ಕಾರಣಕ್ಕೆ. 1995ರ ಕೊನೆಯಲ್ಲಿ ಮೂರು ವಾರ ರೈಲು, ಮೆಟ್ರೊ ನಿಂತು ಪ್ರಧಾನಿ ಜುಪ್ಪೆ ಅವರು ರೈಲ್ವೆ ಮುಂತಾದ ನೌಕರರ ವಿಶೇಷ ಪಿಂಚಣಿಗಳಿಗೆ ಸಂಬಂಧಿಸಿದ ಭಾಗವನ್ನು ಹಿಂತೆಗೆದುಕೊಂಡರು. 2023ರಲ್ಲಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಗೆ ಗೃಹ ಸಚಿವಾಲಯದ ಲೆಕ್ಕದಲ್ಲೇ ಒಂದು ದಿನ 12.8 ಲಕ್ಷ ಜನ ಬೀದಿಗಿಳಿದರು. ಆದರೂ ಸರ್ಕಾರ ಮಾರ್ಚ್ 16ರಂದು ಸಂವಿಧಾನದ 49.3ನೇ ವಿಧಿ ಬಳಸಿ ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ ಅದನ್ನು ಪಾಸು ಮಾಡಿಸಿಕೊಂಡಿತು. 64 ಎಂಬ ವಯಸ್ಸು ಜಗತ್ತಿನ ಮಾನದಂಡದಲ್ಲಿ ಹೆಚ್ಚೇನಲ್ಲ ಎಂಬುದನ್ನು ಒಪ್ಪುವವರೂ ಆ ವಿಧಾನವನ್ನು ಸಮರ್ಥಿಸಿಕೊಳ್ಳಲು ತಿಣುಕಿದರು. ಮೂರು ವರ್ಷದೊಳಗೆ, 2025ರ ಕೊನೆಗೆ, ಅದೇ ಏರಿಕೆಯನ್ನು 2027ರ ಅಧ್ಯಕ್ಷೀಯ ಚುನಾವಣೆ ಮುಗಿಯುವವರೆಗೆ ಅಮಾನತಿನಲ್ಲಿಡಬೇಕಾಯಿತು.

ರಷ್ಯಾ ಮುನ್ಸೂಚನೆಯನ್ನು ಮರೆಮಾಚುವುದರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಪುರುಷರಿಗೆ 60ರಿಂದ 65ಕ್ಕೆ, ಮಹಿಳೆಯರಿಗೆ 55ರಿಂದ 63ಕ್ಕೆ ವಯಸ್ಸು ಏರಿಸುವ ಪ್ರಸ್ತಾಪ ಪ್ರಕಟವಾದದ್ದು 2018ರ ಜೂನ್ 14ರಂದು. ಅಂದೇ ಆ ದೇಶದಲ್ಲಿ ಫುಟ್‌ಬಾಲ್ ವಿಶ್ವಕಪ್ ಆರಂಭವಾಯಿತು. ತಾನು ಅಧ್ಯಕ್ಷನಾಗಿರುವವರೆಗೆ ವಯಸ್ಸು ಏರದು ಎಂದು ಪುಟಿನ್ 2005ರಲ್ಲಿ ಮಾತು ಕೊಟ್ಟಿದ್ದರು. ಪ್ರತಿಭಟನೆಗಳ ನಂತರ ಮಹಿಳೆಯರಿಗೆ 60 ಎಂದು ಸಡಿಲಿಸಿ, ಅಕ್ಟೋಬರಿನಲ್ಲಿ ಸಹಿ ಹಾಕಿದರು. ಅದೇ 2005ರ ಜನವರಿಯಲ್ಲಿ ಉಚಿತ ಬಸ್ ಪ್ರಯಾಣ, ಔಷಧಗಳ ಬದಲಿಗೆ ಅಲ್ಪ ನಗದು ಕೊಡುವ ಕಾನೂನಿನ ವಿರುದ್ಧ ಮುದುಕ ಮುದುಕಿಯರು ಚಳಿಯಲ್ಲಿ ಹೆದ್ದಾರಿ ತಡೆದದ್ದೂ, ಸರ್ಕಾರ ಗಡಿಬಿಡಿಯಿಂದ ಪಿಂಚಣಿ ಏರಿಕೆಯನ್ನು ಮುಂಚಿತವಾಗಿ ಕೊಟ್ಟದ್ದೂ ಉಂಟು. ನಿಕರಾಗುವಾದಲ್ಲಿ ಪರಿಣಾಮ ಇನ್ನೂ ಭೀಕರ. 2018ರ ಏಪ್ರಿಲ್‌ನಲ್ಲಿ ಪಿಂಚಣಿಯಿಂದಲೇ ಶೇ 5 ಮುರಿದುಕೊಳ್ಳುವ ಆದೇಶ ನಾಲ್ಕೇ ದಿನಗಳಲ್ಲಿ ವಾಪಸಾಯಿತು, ಆದರೆ ಆ ಪ್ರತಿಭಟನೆಯನ್ನು ಹತ್ತಿಕ್ಕಲು ಆರಂಭವಾದ ಹಿಂಸೆಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಕಡಿತಗಳು. ಕಾಣದ ಕಡಿತವೂ ಒಂದಿದೆ. ಅದಕ್ಕೆ ಕಾನೂನು ಬೇಡ, ಪತ್ರ ಬೇಡ, ಪೊಲೀಸರೂ ಬೇಡ. ಮೊತ್ತವನ್ನು ಇದ್ದಲ್ಲೇ ಬಿಟ್ಟು ಬೆಲೆಗಳು ಏರಲು ಕಾದರೆ ಸಾಕು. ಬ್ರಿಟನ್ನಿನಲ್ಲಿ ಥ್ಯಾಚರ್ ಸರ್ಕಾರ 1980ರಲ್ಲಿ ಪಿಂಚಣಿಗೂ ಸಂಬಳದ ಏರಿಕೆಗೂ ಇದ್ದ ನಂಟನ್ನು ಕಡಿದು ಬರೀ ಬೆಲೆಗಳಿಗೆ ಕಟ್ಟಿತು. ಇಪ್ಪತ್ತು ವರ್ಷಗಳ ನಂತರ, 2000ದ ಏಪ್ರಿಲ್‌ನಲ್ಲಿ, ವಾರಕ್ಕೆ 75 ಪೆನ್ಸ್ ಏರಿಕೆ ಬಂದಾಗಲೇ ದೇಶಕ್ಕೆ ನಾಚಿಕೆಯಾದದ್ದು. ಸ್ಪೇನಿನಲ್ಲಿ 2013ರ ಸೂತ್ರದಂತೆ ವರ್ಷಕ್ಕೆ ಶೇ 0.25 ಏರಿಕೆ, ಅದನ್ನು ತಿಳಿಸುವ ಪತ್ರ 2018ರ ಆರಂಭದಲ್ಲಿ ಮನೆ ಮನೆಗೆ ಬಂದಾಗ ಪಿಂಚಣಿದಾರರು ಅದನ್ನು ಅವಮಾನವೆಂದೇ ತೆಗೆದುಕೊಂಡರು. ಬಿಲ್ಬಾವೊದಲ್ಲಿ ಸೋಮವಾರಗಳಂದು ನೆರೆದ ಜನಸಂದಣಿ ವರ್ಷಗಟ್ಟಲೆ ಕರಗಲಿಲ್ಲ. 2021ರ ಡಿಸೆಂಬರಿನ ಕಾನೂನು ಏರಿಕೆಯನ್ನು ಮತ್ತೆ ಹಣದುಬ್ಬರಕ್ಕೆ ಕಟ್ಟಿತು. ಮುಷ್ಕರದ ಬಲವಿಲ್ಲದೆ, ಹಿಂಸೆಯಿಲ್ಲದೆ, ನಿವೃತ್ತರೇ ಗೆದ್ದ ಹೋರಾಟವೊಂದನ್ನು ತೋರಿಸಿ ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಭಾರತದ ಸೇವೆ ಒಂದಲ್ಲ, ಮೂರು ದರ್ಜೆಗಳು. ಸರ್ಕಾರಿ ನೌಕರರದ್ದು ಮೊದಲ ದರ್ಜೆ. ಪಿಂಚಣಿ ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ದೊರೆಯುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿದ್ದು ಇವರ ವಿಷಯದಲ್ಲೇ. 2004ರ ಜನವರಿ 1ರಿಂದ ಕೇಂದ್ರದ ಕೆಲಸಕ್ಕೆ ಸೇರಿದವರಿಗೆ, ಸೇನಾಪಡೆಗಳನ್ನು ಬಿಟ್ಟು, ಖಚಿತ ಪಿಂಚಣಿ ತಪ್ಪಿ ಮಾರುಕಟ್ಟೆ ಆಧಾರಿತ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಎನ್‌ಪಿಎಸ್, ಬಂತು. ಸೇನೆಯನ್ನು ಹೊರಗಿಟ್ಟದ್ದರಲ್ಲಿ ಚಿಲಿಯ ನೆರಳು ಕಾಣುತ್ತದೆ, ಆದರೆ ಇಲ್ಲಿ ಸರ್ಕಾರವೂ ತನ್ನ ಪಾಲನ್ನು ಹಾಕುತ್ತದೆ, 2019ರಿಂದ ಅದು ಶೇ 14 ಆಗಿದೆ. ಹೊಸಬರಿಗೆ ಸೇರುವ ದಿನವೇ ಷರತ್ತು ಗೊತ್ತಿತ್ತು ಎಂಬುದರಿಂದ ಮುನ್ಸೂಚನೆಯ ಅಂಕ ಕೊಡಲೇಬೇಕು. ಆದರೂ ಪಕ್ಕದ ಮೇಜಿನ ಸಹೋದ್ಯೋಗಿಗೆ ಸಿಗುವುದು ತನಗೆ ಸಿಗದೆಂಬ ಅಸಮಾಧಾನ ಹಳೆ ಪಿಂಚಣಿಯ ಹೋರಾಟವಾಗಿ ಬೆಳೆಯಿತು, 2023ರ ಅಕ್ಟೋಬರ್ 1ರಂದು ದೆಹಲಿಯ ರಾಮಲೀಲಾ ಮೈದಾನವನ್ನು ತುಂಬಿತು. ರಾಜಸ್ಥಾನ, ಹಿಮಾಚಲ ಪ್ರದೇಶದಂಥ ರಾಜ್ಯಗಳು ಹಳೆ ಪಿಂಚಣಿ ಮರಳಿಸುವ ಘೋಷಣೆ ಮಾಡಿದವು. ಕೇಂದ್ರ 2025ರ ಏಪ್ರಿಲ್‌ನಿಂದ ತಂದ ಏಕೀಕೃತ ಪಿಂಚಣಿಯಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಾತ್ರಿಯಿದೆ.

ಎರಡನೆಯ ದರ್ಜೆಯಲ್ಲಿ ಭವಿಷ್ಯ ನಿಧಿಯೊಂದಿಗೆ ಬರುವ 1995ರ ನೌಕರರ ಪಿಂಚಣಿ ಯೋಜನೆ, ಇಪಿಎಸ್-95. ಕಾರ್ಖಾನೆ, ಸಾರಿಗೆ, ಸಹಕಾರ ಸಂಸ್ಥೆಗಳಲ್ಲಿ ದುಡಿದವರ ಪಿಂಚಣಿ ಇದು. ಇದರ ಕನಿಷ್ಠ ಮೊತ್ತ 2014ರ ಸೆಪ್ಟೆಂಬರಿನಲ್ಲಿ 1,000 ರೂಪಾಯಿಗೆ ನಿಗದಿಯಾಯಿತು, ತುಟ್ಟಿಭತ್ಯೆ ಇಲ್ಲ. 7,500 ರೂಪಾಯಿ ಮತ್ತು ತುಟ್ಟಿಭತ್ಯೆ ಬೇಕೆಂದು ನಿವೃತ್ತರು ವರ್ಷಗಳಿಂದ ಧರಣಿ ಕೂರುತ್ತಲೇ ಇದ್ದಾರೆ. ಮೂರನೆಯದು ವಂತಿಗೆ ಕಟ್ಟುವ ಅವಕಾಶವೇ ಇಲ್ಲದ ಕೂಲಿ, ಕೃಷಿ ಕಾರ್ಮಿಕರಿಗಾಗಿ ಇರುವ ವೃದ್ಧಾಪ್ಯ ವೇತನ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ರಾಜ್ಯಗಳು ತಮ್ಮ ಶಕ್ತ್ಯಾನುಸಾರ ಇದಕ್ಕೆ ಸೇರಿಸುತ್ತವೆ. ಮನಮೋಹನ್ ಸಿಂಗ್ ಸರ್ಕಾರದ ಮೊದಲ ಅವಧಿಯಲ್ಲಿ ನಿಗದಿಯಾದ ಆ 200 ಹಾಗೆಯೇ ನಿಂತಿದೆ. ಅರುಣಾ ರಾಯ್ ಮತ್ತು ಬಾಬಾ ಆಢಾವ್ ಮುಂದಾಳತ್ವದ ಪಿಂಚಣಿ ಪರಿಷತ್ತು 2012ರಿಂದ ಜಂತರ್ ಮಂತರ್‌ನಲ್ಲಿ ಆ ಮೊತ್ತವನ್ನು ಏರಿಸಿ ಎಂದೇ ಕೇಳಿತು. ಮೊದಲ ದರ್ಜೆಯವರ ಹೋರಾಟ ಚುನಾವಣೆಯ ವಿಷಯವಾಗುತ್ತದೆ, ಮೂರನೆಯ ದರ್ಜೆಯವರದ್ದು ಮನವಿಪತ್ರವಾಗಿ ಉಳಿಯುತ್ತದೆ. ನಕಾರಾ ತೀರ್ಪಿನ ಮಾತು ಇವರ ತನಕ ಇನ್ನೂ ಇಳಿದುಬಂದಿಲ್ಲ.

ಇಷ್ಟಾಗಿಯೂ ಪಿಂಚಣಿದಾರರು ಕೇಳಿದ್ದೆಲ್ಲ ನ್ಯಾಯವೇ ಎಂದು ನಾನು ಒಪ್ಪುವುದಿಲ್ಲ. ಇಂದು ದುಡಿಯುವವರ ವಂತಿಗೆಯಿಂದಲೇ ಇಂದಿನ ನಿವೃತ್ತರಿಗೆ ಕೊಡುವ ದೇಶಗಳಲ್ಲಿ ಆಯಸ್ಸು ಹೆಚ್ಚಿ ಹೆರಿಗೆ ಕಡಿಮೆಯಾದಾಗ ಲೆಕ್ಕ ಬಿಗಡಾಯಿಸುವುದು ಸಹಜ. ಬೆಲೆ, ಸಂಬಳ, ಶೇ 2.5 ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಏರಿಸುವ ಬ್ರಿಟನ್ನಿನ ಈಗಿನ ಸೂತ್ರ 1980ರ ಅನ್ಯಾಯವನ್ನು ಸರಿಪಡಿಸುವ ಭರದಲ್ಲಿ, ಮನೆ ಬಾಡಿಗೆಗೆ ಪರದಾಡುವ ಯುವಕರ ತೆರಿಗೆಯಿಂದ ಸ್ಥಿತಿವಂತ ವೃದ್ಧರಿಗೂ ಸಮನಾಗಿ ಹಂಚುತ್ತದೆ. ಡೆನ್ಮಾರ್ಕ್ 2006ರಲ್ಲೇ ವಯಸ್ಸಿನ ಮಿತಿಯನ್ನು ಸರಾಸರಿ ಆಯಸ್ಸಿಗೆ ಕಟ್ಟಿ, ಐದು ವರ್ಷಕ್ಕೊಮ್ಮೆ ಪರಿಶೀಲಿಸಿ, ದಶಕಕ್ಕಿಂತ ಮೊದಲೇ ಪ್ರಕಟಿಸುತ್ತದೆ. 2040ರಿಂದ 70 ಎಂದು 2025ರ ಮೇ ತಿಂಗಳಲ್ಲೇ ನಿರ್ಧಾರವಾಗಿದೆ. ಮುನ್ಸೂಚನೆಯಲ್ಲಿ ಅದಕ್ಕೆ ಪೂರ್ತಿ ಅಂಕ. ಆದರೆ ನಷ್ಟ ಯಾರ ತಲೆಗೆ ಎಂಬಲ್ಲಿ ಅಂಕ ಕಳೆಯಬೇಕು, ಏಕೆಂದರೆ ಛಾವಣಿ ಹೊದಿಸುವವರ ಬೆನ್ನೂ ಕಚೇರಿಯಲ್ಲಿ ಕೂರುವವರ ಬೆನ್ನೂ ಎಪ್ಪತ್ತರವರೆಗೆ ಒಂದೇ ರೀತಿ ಬಾಳುವುದಿಲ್ಲ. ಹದಿಹರೆಯದಿಂದಲೇ ದುಡಿದವರಿಗೆ ಮುಂಚಿತ ಪಿಂಚಣಿಯನ್ನು ಆ ದೇಶ 2022ರಿಂದ ಪ್ರತ್ಯೇಕವಾಗಿ ಕೊಡಬೇಕಾಗಿ ಬಂದದ್ದು ಇದರಿಂದಲೇ.

ಆಯ್ಕೆಯಿಲ್ಲದ ಗ್ರಾಹಕರಿಗೆ ಶಿಫಾರಸು ಮಾಡಿ ಪ್ರಯೋಜನವಿಲ್ಲ. ಶಿಫಾರಸು ಕಾನೂನು ಬರೆಯುವವರಿಗೆ. ತಿಳಿಸುವ ರೀತಿಯನ್ನು ಸ್ವೀಡನ್ನಿನಿಂದ, ಕೊಡುವ ಕಾಲಾವಕಾಶವನ್ನು 1983ರ ಅಮೆರಿಕದಿಂದ, ಏರಿಕೆಯ ನಿಯಮವನ್ನು ಈಗಿನ ಸ್ಪೇನಿನಿಂದ, ದೂರಿನ ಅಂತಿಮ ಜಾಗವನ್ನು ಲಾಟ್ವಿಯಾದಿಂದ ತೆಗೆದುಕೊಳ್ಳಬಹುದು. ಗ್ರೀಸ್ ಮತ್ತು ನಿಕರಾಗುವಾಗಳಿಗೆ ನಾನು ಅಂಕ ಕೊಟ್ಟಿಲ್ಲ. ಚಿಲಿಗೆ ಕೊಡುವ ಅಂಕವನ್ನು ಸದ್ಯಕ್ಕೆ ತಾತ್ಕಾಲಿಕವೆಂದೇ ಓದಬೇಕು: ಮಾಲೀಕರ ವಂತಿಗೆ ಪೂರ್ತಿ ಮಟ್ಟಕ್ಕೆ ಏರಲು ಇನ್ನೂ ಹಲವು ವರ್ಷಗಳು ಬೇಕು, ಆ ವಂತಿಗೆಯಿಂದ ಮೊದಲ ತಲೆಮಾರು ನಿವೃತ್ತಿಯಾಗಲು ಅದಕ್ಕಿಂತ ಹೆಚ್ಚು.